ಬಂದೋಬಸ್ತಿನ ಬಿಲ್ ಯಾರಿಗೆ?

ಬಂದೋಬಸ್ತಿಗೆ ದುಡ್ಡು ಕೇಳೋದು ಹೊಸ ಪದ್ಧತಿ ಅಂತ ಗೆಳೆಯರು ಗೊಣಗುತ್ತಾರೆ. ನಮ್ಮ ವಿಜಯಪುರದ ಮಟ್ಟಿಗೆ ಅದು ಬ್ರಿಟಿಷರ ಕಾಲದ್ದು. ಆಗ ಈ ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು. 1890ರ ಬಾಂಬೆ ಜಿಲ್ಲಾ ಪೊಲೀಸ್ ಕಾಯ್ದೆಯ ಪ್ರಕಾರ, ಊರಲ್ಲಿ ಗಲಾಟೆ ಎದ್ದರೆ ಸರ್ಕಾರ ಹೆಚ್ಚುವರಿ ಪೊಲೀಸರನ್ನು ತಂದು ಕೂರಿಸಿ, ಖರ್ಚನ್ನು ಊರವರಿಂದಲೇ ವಸೂಲಿ ಮಾಡಬಹುದಿತ್ತು. 1897ರಲ್ಲಿ ರ‍್ಯಾಂಡ್ ಕೊಲೆಯಾದ ಮೇಲೆ ಪುಣೆ ಅನುಭವಿಸಿದ್ದು ಇದನ್ನೇ. ಗುಂಡು ಹಾರಿಸಿದವರು ಬೆರಳೆಣಿಕೆ ಮಂದಿ, ದಂಡ ತೆತ್ತಿದ್ದು ಊರು.

ಈಗಲೂ ತೆರುವುದು ಊರೇ, ಸದ್ದಿಲ್ಲದೆ. ವಿಜಯಪುರದಲ್ಲಿ ಯಾರೋ ಟಿಕೆಟ್ ಮಾರಿ ಡಿಜೆ ನೈಟ್ ಮಾಡ್ತಾರೆ ಅಂದ್ಕೊಳ್ರಿ. ತಿಕೋಟಾ, ಬಬಲೇಶ್ವರ ಠಾಣೆಯ ಕಾನ್‌ಸ್ಟೇಬಲ್‌ಗಳು ಅಲ್ಲಿಗೆ ಹೋಗಿ ನಿಂತರೆ, ಆ ರಾತ್ರಿ ತಿಕೋಟಾದ ದ್ರಾಕ್ಷಿ ತೋಟಕ್ಕೆ ಕಳ್ಳ ನುಗ್ಗಿದರೆ ಓಡಿ ಬರೋರು ಯಾರು? ಪಗಾರ ಮಾತ್ರ ಆ ತೋಟದವನ ತೆರಿಗೆಯಿಂದಲೂ ಹೋಗುತ್ತೆ.

ಸಿದ್ಧೇಶ್ವರ ಜಾತ್ರೆಗೆ, ಮೊಹರಮ್ಮಿಗೆ ಬಿಲ್ ಹಾಕೋದು ಬೇಡ. ಅವು ಎಲ್ಲರವು. ಲಾಭಕ್ಕೆ ಜನ ಸೇರಿಸೋರಿಗೆ ಹಾಕಲಿ, ಅದೂ ಮುಂಗಡವಾಗಿ. ಎಷ್ಟು ಪೊಲೀಸರು ಬೇಕು ಅನ್ನೋ ಮಾತು ಆಗಲೇ ಆಗಿಬಿಡುತ್ತೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 11 ಜನ ಕಾಲ್ತುಳಿತಕ್ಕೆ ಸತ್ತರಲ್ಲ, ಆಮೇಲೆ ಲೆಕ್ಕ ಹಾಕಿ ಏನು ಬಂತು?

ಒಂದು ಷರತ್ತು: ಹಣ ಖಜಾನೆಗೆ, ಸಂಖ್ಯೆ ನಿರ್ಧರಿಸೋದು ಎಸ್‌ಪಿ. ಇಲ್ಲಾಂದ್ರೆ ದುಡ್ಡು ಕೊಟ್ಟವನು ಪೊಲೀಸರನ್ನ ತನ್ನ ಆಳು ಅಂದ್ಕೋತಾನೆ.