ಹರಿಹರದ ಲೇತೂ ಜರ್ಮನ್ ನಕ್ಷೆಯ ಭಾಷೆಯೂ

ತುಂಗಭದ್ರೆಯ ದಂಡೆಯ ಹರಿಹರಕ್ಕೆ ಕಡೆಯುವ ಕೆಲಸ ಹೊಸದಲ್ಲ. 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರನ ಗುಡಿಯಲ್ಲಿ ನುಣ್ಣಗೆ ಕಡೆದ ದುಂಡುಗಂಬಗಳುಂಟು. ಅದೇ ಊರಿನಲ್ಲಿ 1941ರಲ್ಲಿ, ಮಹಾಯುದ್ಧದ ದೆಸೆಯಿಂದ ವಿದೇಶದ ಯಂತ್ರಗಳು ದುರ್ಲಭವಾಗಿದ್ದ ಕಾಲದಲ್ಲಿ, ಮೈಸೂರು ಕಿರ್ಲೋಸ್ಕರ್ ಸಂಸ್ಥೆಯು ಸ್ಥಾಪಿತವಾಗಿ ಲೇತುಗಳ ತಯಾರಿಕೆಗೆ ತೊಡಗಿತು. ಕಾರ್ಖಾನೆಯು ಈಗ ಮುಚ್ಚಿಹೋಗಿದೆ. ಅದರ ಲೇತುಗಳು ಮಾತ್ರ ಅನೇಕ ಕಾರ್ಯಾಗಾರಗಳಲ್ಲಿ ಇನ್ನೂ ತಿರುಗುತ್ತಿವೆ.

ನೆರೆಯ ದಾವಣಗೆರೆ ಹತ್ತಿಯ ಗಿರಣಿಗಳಿಗೆ ಹೆಸರಾದ ನಗರ. ಗಿರಣಿಯಲ್ಲಿ ಒಂದು ಷಾಫ್ಟು ಮುರಿದರೆ ನೂರಾರು ಕದಿರುಗಳು ನಿಲ್ಲುವುವು. ಹೊಸದಾಗಿ ಕಡೆದ ಷಾಫ್ಟು ಅರದ ನೆರವಿಲ್ಲದೆ ಮೊದಲ ಬಾರಿಗೇ ಕೂಡಬೇಕಾದರೆ ನಕ್ಷೆಯಲ್ಲಿ ಅಳತೆಯೊಂದೇ ಸಾಲದು. ಎಷ್ಟರಮಟ್ಟಿಗೆ ತಪ್ಪಿದರೆ ಕ್ಷಮ್ಯವೆಂಬುದನ್ನೂ ಬರೆದಿರಬೇಕು. ಟಾಲರೆನ್ಸ್ ಎಂಬುದು ಈ ರಿಯಾಯಿತಿಗೇ ಹೆಸರು.

ಇದನ್ನು ಶಾಸ್ತ್ರಬದ್ಧಗೊಳಿಸಿದವರಲ್ಲಿ ಜರ್ಮನರು ಮುಂದಿನವರು. 1917ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಪ್ರಮಾಣ ಸಮಿತಿಯ ಡಿನ್ ಎಂಬ ಮುದ್ರೆ ಜಗತ್ತಿಗೆಲ್ಲ ಪರಿಚಿತ. ಬಳಿಕ ಅನೇಕ ರಾಷ್ಟ್ರಗಳು ಕೂಡಿ ಅಂಗೀಕರಿಸಿದ ಪದ್ಧತಿಯಲ್ಲಿ ದೊಡ್ಡ ಅಕ್ಷರ ರಂಧ್ರಕ್ಕೆ, ಸಣ್ಣ ಅಕ್ಷರ ಷಾಫ್ಟಿಗೆ. 25 ಮಿಲಿಮೀಟರಿನ ರಂಧ್ರಕ್ಕೆ ದೊಡ್ಡ 'ಎಚ್ 7' ಎಂದಿದ್ದರೆ ಅದು 25.000ರಿಂದ 25.021ರವರೆಗೆ ಇರಬಹುದು, ಷಾಫ್ಟಿಗೆ ಸಣ್ಣ 'ಜಿ 6' ಎಂದಿದ್ದರೆ 24.980ರಿಂದ 24.993. ಎರಡನ್ನೂ ಬೇರೆ ಬೇರೆ ಊರುಗಳಲ್ಲಿ ಕಡೆದರೂ ನಡುವೆ ಎಣ್ಣೆಗೆ ಎಡೆಯುಳಿದೇ ತೀರುವುದು. ಪರಸ್ಪರ ಮುಖವನ್ನೇ ಕಾಣದ ಇಬ್ಬರು ಕೆಲಸಗಾರರ ನಡುವಣ ಒಪ್ಪಂದವಿದು.

ನಮ್ಮ ನಾಡಿಗೆ ಜರ್ಮನ್ ನುಡಿಯ ಯಂತ್ರವಿದ್ಯೆ ಹಲವು ದಾರಿಗಳಿಂದ ಬಂದಿತು. ಬೆಂಗಳೂರಿನ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಕಾರ್ಖಾನೆಯು 1953ರಲ್ಲಿ ಆರಂಭವಾದುದು ಜೂರಿಕ್ ನಗರದ ಓರ್ಲಿಕಾನ್ ಸಂಸ್ಥೆಯ ಸಹಯೋಗದಿಂದ. ಬರ್ಲಿನ್ನಿನ ಫ್ರಿಟ್ಸ್ ವೆರ್ನರ್ ಸಂಸ್ಥೆಯೂ ಮುಂದೆ ಅದರೊಡನೆ ಕೂಡಿತು.

ಅಂತಹ ಹಳೆಯ ನಕ್ಷೆ ಕೈಗೆ ಬಂದಾಗ ಜರ್ಮನ್ ಪದಗಳಿಗೆ ಹೆದರಬೇಕಾಗಿಲ್ಲ. 'ಗೆಶ್ಲಿಫನ್' ಎಂದರೆ ಸಾಣೆ ಹಿಡಿದದ್ದು, 'ಗೆಹೆರ್ಟೆಟ್' ಎಂದರೆ ಕಾಯಿಸಿ ಗಡಸು ಮಾಡಿದ್ದು. ಇದರ ಮುಂದೆ 'ಐನ್‌ಸಾಟ್ಸ್' ಎಂದು ಸೇರಿದ್ದರೆ ಗಡಸು ಮೇಲ್ಮೈಗೆ ಮಾತ್ರ, ಒಡಲು ಮೆದುವಾಗಿಯೇ ಇರಬೇಕು. ಇಷ್ಟನ್ನು ನಿಘಂಟೇ ಹೇಳುವುದು. ನಮ್ಮ ಮಟ್ಟಿಗೆ, ನಿಜವಾದ ತೊಡಕಿರುವುದು ಬರೆಯದೆ ಬಿಟ್ಟ ಸಂಗತಿಗಳಲ್ಲಿ. ಜರ್ಮನರ ಅಲ್ಪವಿರಾಮವು ನಮ್ಮ ದಶಮಾಂಶದ ಚುಕ್ಕೆ: 1,250 ಎಂದರೆ ಸಾವಿರದ ಇನ್ನೂರೈವತ್ತಲ್ಲ, ಒಂದೂಕಾಲು ಮಿಲಿಮೀಟರು. ಎಡದಿಂದ ಕಂಡ ರೂಪವನ್ನು ಯೂರೋಪಿನವರು ಬಲಕ್ಕೆ ಬರೆಯುವರು, ಅಮೆರಿಕದವರು ಎಡಕ್ಕೆ. ಇದನ್ನು ಗಮನಿಸದಿದ್ದರೆ ಪ್ರತಿಯೊಂದು ಅಳತೆಯೂ ಸರಿಯಾಗಿರುವ, ಆದರೆ ಕನ್ನಡಿಯ ಪ್ರತಿಬಿಂಬದಂತೆ ತಿರುಗುಮುರುಗಾದ ಭಾಗವೊಂದು ಸಿದ್ಧವಾಗುವುದು. ಅದನ್ನು ಯಾವ ಯಂತ್ರಕ್ಕೆ ತೊಡಿಸುವುದು?

ಎಲ್ಲಕ್ಕಿಂತ ಮೋಸದ್ದು 'ಎಚ್' ಅಕ್ಷರವೇ. ಹೊಸ ಪದ್ಧತಿಯಲ್ಲಿ ಅದು ರಂಧ್ರದ ಗುರುತು. ಅದಕ್ಕೂ ಹಿಂದಿನ ಡಿನ್ ನಕ್ಷೆಗಳಲ್ಲಿ ಅದೇ ಅಕ್ಷರ 'ಹಾಫ್ಟ್‌ಸಿಟ್ಸ್', ಅಂದರೆ ಬಿಗಿಯಾಗಿ ಹಿಡಿದು ಕೂರುವ ಜೋಡಣೆ. ಸಲೀಸಾಗಿ ತಿರುಗುವ 'ಲೌಫ್‌ಸಿಟ್ಸ್' ಜೋಡಣೆಗೆ 'ಎಲ್'. ಆದುದರಿಂದ ಬಲ್ಲ ಫಿಟ್ಟರನು ಅಳತೆಗೆ ಕಣ್ಣು ಹಾಕುವ ಮೊದಲು ನಕ್ಷೆಯ ಮೂಲೆಯ ಚೌಕದಲ್ಲಿರುವ ಇಸವಿಯನ್ನು ಹುಡುಕುವನು.