ದೇಹೂ ರೋಡಿನ ಒಂದು ಚುಕ್ಕೆ

ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿದವರಿಗೆ ಗೋಕರ್ಣ ಸಿಗುವುದಿಲ್ಲ, ಸುಬ್ರಹ್ಮಣ್ಯ ರೋಡಿನಲ್ಲಿ ಇಳಿದವರಿಗೆ ಸುಬ್ರಹ್ಮಣ್ಯವೂ ಸಿಗುವುದಿಲ್ಲ. ರೈಲ್ವೆಯವರ ಭಾಷೆಯಲ್ಲಿ ‘ರೋಡ್’ ಎಂದರೆ ಊರಲ್ಲ. ಆ ಊರಿಗೆ ಹೋಗುವವರು ಇಲ್ಲಿಳಿದು ಮುಂದಿನ ದಾರಿ ನೋಡಿಕೊಳ್ಳಿ ಎಂಬ ಸೂಚನೆ. ಪುಣೆಯ ವಾಯವ್ಯಕ್ಕೆ, ಲೋಣಾವಳದ ಲೋಕಲ್ ರೈಲು ನಿಲ್ಲುವ ದೇಹೂ ರೋಡ್ ಕೂಡ ಹಾಗೆಯೇ. ಸಂತ ತುಕಾರಾಮರ ದೇಹೂ ಇರುವುದು ಅಲ್ಲಿಂದ ಕೆಲವು ಕಿಲೋಮೀಟರ್ ಆಚೆ, ಇಂದ್ರಾಯಣಿಯ ದಡದಲ್ಲಿ. ನಿಲ್ದಾಣದ ಸುತ್ತ ಬೆಳೆದದ್ದು ಬೇರೆಯದೇ ಊರು: ದಂಡು ಪ್ರದೇಶ, ಸೇನೆಯ ಸಾಮಗ್ರಿ ಉಗ್ರಾಣ, ಮದ್ದುಗುಂಡಿನ ಡಿಪೋ.

ರಸ್ತೆಯಲ್ಲಿ ಹೋಗುವ ಕನ್ನಡಿಗರಿಗೂ ಈ ಹೆಸರು ಹೊಸದಲ್ಲ. ಬೆಂಗಳೂರಿನಿಂದ ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಸಾತಾರಾ ದಾಟಿ ಮುಂಬಯಿಗೆ ಹೋಗುವ ಹೆದ್ದಾರಿ (ಆಗ ಎನ್‌ಎಚ್ 4, ಈಗ 48) ಪುಣೆಯ ಒಳಗೆ ನುಗ್ಗದೆ ಕಾತ್ರಜ್–ದೇಹೂ ರೋಡ್ ಬೈಪಾಸಿನಲ್ಲಿ ಸುತ್ತುಹಾಕುತ್ತದೆ. 2002ರಲ್ಲಿ ಪೂರ್ತಿಯಾಗಿ ತೆರೆದ ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇ ಶುರುವಾಗುವುದು ಪಕ್ಕದ ಕಿವಳೆಯಲ್ಲಿ. ಹಳೆಯ ಘಾಟಿ ರಸ್ತೆಯೋ, ಹೊಸ ದಾರಿಯೋ ಎಂದು ಡ್ರೈವರು ತೀರ್ಮಾನಿಸಬೇಕಾದದ್ದು ಇಲ್ಲೇ.

ಇಂಥ ಜಾಗಗಳಿಗಾಗಿಯೇ ಕಾರಿನ ಮುಂಗಾಜಿಗೆ ಅಂಟಿಸುವ ಜಿಪಿಎಸ್ ಪೆಟ್ಟಿಗೆ ಬಂತು. 2000ದ ಮೇ 1ರ ರಾತ್ರಿಯವರೆಗೆ ಅಮೆರಿಕ ನಾಗರಿಕರಿಗೆ ಕೊಡುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುತ್ತಿತ್ತು. ಸುಮಾರು ನೂರು ಮೀಟರಿನವರೆಗೆ ತಪ್ಪು ಬರುತ್ತಿತ್ತು. ಕ್ಲಿಂಟನ್ ಅದನ್ನು ನಿಲ್ಲಿಸಿದ ಮೇಲೆ ರಸ್ತೆ ಯಾವುದು, ಪಕ್ಕದ ಸರ್ವಿಸ್ ರಸ್ತೆ ಯಾವುದು ಎಂದು ಹೇಳುವಷ್ಟರ ಹತ್ತಿರಕ್ಕೆ ಯಂತ್ರ ಬಂತು. ಆ ದಶಕ ಮುಗಿಯುವ ಹೊತ್ತಿಗೆ ಗಾರ್ಮಿನ್, ಮ್ಯಾಪ್‌ಮೈಇಂಡಿಯಾ, ಸ್ಯಾಟ್‌ಗೈಡ್ ಹೆಸರುಗಳು ಭಾರತದ ಕಾರುಗಳಲ್ಲಿ ಕಾಣತೊಡಗಿದವು.

ಆದರೆ ಯಂತ್ರದ ಜೊತೆ ಬರುವ ನಕ್ಷೆ ಕಂಪನಿಗೆ ತೋಚಿದ ಜಾಗಗಳದು: ಪೆಟ್ರೋಲ್ ಬಂಕ್, ಎಟಿಎಂ, ದೊಡ್ಡ ಹೋಟೆಲು. ಮನೆಮಂದಿ ಸಮೇತ ರಾತ್ರಿ ಹೊರಟವರಿಗೆ ಬೇಕಾದದ್ದು ಬೇರೆ. ಗಾಡಿ ನಿಲ್ಲಿಸಿ ಉಪ್ಪಿಟ್ಟು ತಿನ್ನಬಹುದಾದ ಜಾಗ, ಹಠಾತ್ತನೆ ಎದುರಾಗುವ ಉಬ್ಬು, ಬೈಪಾಸಿನ ಸರಿಯಾದ ತಿರುವು. ಇವನ್ನು ತಾವೇ ತುಂಬುವ ದಾರಿ ಇತ್ತು. ಗಾರ್ಮಿನ್ನಿನದು ತೀರಾ ಸರಳ: ಒಂದು ಸಾಲಿಗೆ ಒಂದು ಜಾಗ, ಮೊದಲು ರೇಖಾಂಶ, ಅಲ್ಪವಿರಾಮ, ಅಕ್ಷಾಂಶ, ಅಲ್ಪವಿರಾಮ, ಹೆಸರು. ಆ ಸಿಎಸ್‌ವಿ ಕಡತವನ್ನು ‘ಪಿಒಐ ಲೋಡರ್’ ಎಂಬ ತಂತ್ರಾಂಶ ಯಂತ್ರಕ್ಕೆ ದಾಟಿಸುತ್ತಿತ್ತು. ಹೆಸರಿನ ಮುಂದೆ @ ಹಾಕಿ ವೇಗ ಬರೆದರೆ, ಅದಕ್ಕಿಂತ ಜೋರಾಗಿ ಹೋಗುವವರನ್ನು ಯಂತ್ರ ಎಚ್ಚರಿಸುತ್ತಿತ್ತು. ಕಡತದ ಹೆಸರಿನದೇ ಪುಟ್ಟ ಚಿತ್ರವಿಟ್ಟರೆ ಅದು ಪರದೆಯ ಮೇಲೆ ಗುರುತಾಗಿ ಕೂರುತ್ತಿತ್ತು.

ಸರಳ ಎಂದರೂ ಎಡವಲು ಜಾಗ ಬೇಕಷ್ಟಿತ್ತು. ಶಾಲೆಯಲ್ಲಿ ಎಲ್ಲರೂ ಕಲಿತದ್ದು ಅಕ್ಷಾಂಶ ಮೊದಲು. ದೇಹೂ ರೋಡ್ ಇರುವುದು ಹೆಚ್ಚುಕಡಿಮೆ 18.68 ಉತ್ತರ, 73.73 ಪೂರ್ವದಲ್ಲಿ. ಎರಡನ್ನೂ ಅದಲುಬದಲು ಮಾಡಿದರೆ ಊರು ನಾರ್ವೆಗೂ ಉತ್ತರದಲ್ಲಿ, ಬೇರ್ ದ್ವೀಪದ ದಕ್ಷಿಣಕ್ಕೆ, ತಣ್ಣನೆಯ ಸಮುದ್ರದಲ್ಲಿ ಮುಳುಗುತ್ತದೆ. ಈ ತಪ್ಪು ವಾಸಿ, ತಕ್ಷಣ ಗೊತ್ತಾಗುತ್ತದೆ. ಕಾಗದದ ನಕ್ಷೆಯ 18 ಡಿಗ್ರಿ 40 ನಿಮಿಷವನ್ನು 18.40 ಎಂದೂ 73 ಡಿಗ್ರಿ 44 ನಿಮಿಷವನ್ನು 73.44 ಎಂದೂ ಬರೆದವರ ಪಾಡು ಕಷ್ಟ. ಅವರ ಚುಕ್ಕೆ ನಲವತ್ತು ಕಿಲೋಮೀಟರಿಗೂ ಆಚೆ, ತಾಮ್ಹಿಣಿ ಘಾಟಿನ ಆಸುಪಾಸಿಗೆ ಹೋಗುತ್ತದೆ. ಅಲ್ಲಿಯೂ ರಸ್ತೆ ಇರುವುದರಿಂದ ಯಂತ್ರ ನಿರಾಳವಾಗಿ ದಾರಿ ತೋರಿಸುತ್ತದೆ.

ಮೂರನೆಯ ತಪ್ಪಿಗೆ ಇತಿಹಾಸವೇ ಕಾರಣ. 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದು ಮೈಸೂರು ಸೀಮೆಯ ಸರ್ವೆ ಆರಂಭಿಸಿದ ವಿಲಿಯಂ ಲ್ಯಾಂಬ್ಟನ್, 1802ರಲ್ಲಿ ಮದ್ರಾಸಿನಿಂದ ಮಹಾ ತ್ರಿಕೋನಮಿತಿ ಸರ್ವೆಗೆ ತೊಡಗಿದ. ಅವನ ನಂತರ ಬಂದ ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಮಿಯ ಆಕಾರವನ್ನು ಲೆಕ್ಕ ಹಾಕಿದ್ದು ಭಾರತಕ್ಕೆ ಒಗ್ಗುವಂತೆ. ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳೆಲ್ಲ ಆ ಲೆಕ್ಕದವು. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84 ಎಂಬ ಬೇರೆ ಲೆಕ್ಕ. ಹಳೆಯ ಹಾಳೆಯ ಅಂಕಿಯನ್ನು ಹಾಗೆಯೇ ಯಂತ್ರಕ್ಕೆ ತುಂಬಿದರೆ ಪುಣೆಯ ಕಡೆ ಚುಕ್ಕೆ ನೂರು ಮೀಟರಿಗೂ ಹೆಚ್ಚು ಜರುಗುತ್ತದೆ. ಬೈಪಾಸಿನ ತಿರುವು ತಪ್ಪಲು ಅಷ್ಟು ಧಾರಾಳ ಸಾಕು.

ಆದರೆ ದೇಹೂ ರೋಡಿನಲ್ಲಿ ದೊಡ್ಡ ಪ್ರಶ್ನೆ ಚುಕ್ಕೆ ಸರಿಯೋ ತಪ್ಪೋ ಎಂಬುದಲ್ಲ, ಇಡಬಹುದೋ ಇಲ್ಲವೋ ಎಂಬುದು. 1967ರಿಂದ ರಕ್ಷಣಾ ಸಚಿವಾಲಯದ ನಿರ್ಬಂಧಗಳಿದ್ದವು; ಸೇನೆಯ ನೆಲೆಗಳು ಸಾರ್ವಜನಿಕರಿಗೆ ಮಾರುವ ನಕ್ಷೆಯಲ್ಲಿ ಕಾಣುವಂತಿರಲಿಲ್ಲ. 2005ರ ರಾಷ್ಟ್ರೀಯ ನಕ್ಷಾ ನೀತಿ ಇದನ್ನು ಮುಚ್ಚುಮರೆಯಿಲ್ಲದೆ ಎರಡು ಮಾಡಿತು: ಸೇನೆಗೊಂದು ಸರಣಿ, ಜನರಿಗೊಂದು ಸರಣಿ. ಜನರ ಸರಣಿ ಜಿಪಿಎಸ್‌ಗೆ ಹೊಂದುವ ಲೆಕ್ಕದಲ್ಲೇ ಬಂತು, ಆಯಕಟ್ಟಿನ ಜಾಗಗಳನ್ನು ಬಿಟ್ಟು.

ಜನ ತಾವೇ ನಕ್ಷೆ ತುಂಬಿದಾಗ ಏನಾಗುತ್ತದೆ ಎಂಬುದು 2013ರಲ್ಲಿ ಗೊತ್ತಾಯಿತು. ಗೂಗಲ್ ಆ ವರ್ಷ ಭಾರತದಲ್ಲಿ ‘ಮ್ಯಾಪಥಾನ್’ ಎಂಬ ಸ್ಪರ್ಧೆ ಏರ್ಪಡಿಸಿತು. ಸರ್ವೆ ಆಫ್ ಇಂಡಿಯಾ ಪೊಲೀಸರಿಗೆ ದೂರು ಕೊಟ್ಟಿತು, 2014ರಲ್ಲಿ ಸಿಬಿಐ ಪ್ರಾಥಮಿಕ ವಿಚಾರಣೆ ಶುರುಮಾಡಿತು. 2016ರ ಮೇ ತಿಂಗಳಲ್ಲಿ ಕೇಂದ್ರ ಗೃಹ ಸಚಿವಾಲಯ ಹೊರಬಿಟ್ಟ ಕರಡು ಮಸೂದೆ ಇನ್ನೂ ಮುಂದೆ ಹೋಗಿತ್ತು. ಅನುಮತಿಯಿಲ್ಲದೆ ಭೂಸ್ಥಾನದ ಮಾಹಿತಿ ಸಂಗ್ರಹಿಸಿದರೆ 1 ಕೋಟಿಯಿಂದ 100 ಕೋಟಿ ರೂಪಾಯಿ ದಂಡ, ಏಳು ವರ್ಷದವರೆಗೆ ಜೈಲು. ಅಕ್ಷರಶಃ ಓದಿದರೆ ಉಪ್ಪಿಟ್ಟಿನ ಹೋಟೆಲಿಗೂ ಪರವಾನಗಿ ಬೇಕಿತ್ತು! ಟೀಕೆ ಜೋರಾಯಿತು, ಮಸೂದೆ ಕಾನೂನಾಗಲಿಲ್ಲ.

ಹಾಗೆಂದು ಆತಂಕಕ್ಕೆ ಆಧಾರವೇ ಇಲ್ಲ ಎನ್ನುವುದೂ ಸುಲಭದ ಮಾತಾಗುತ್ತದೆ. ಮದ್ದುಗುಂಡಿನ ಉಗ್ರಾಣದ ಗೇಟು ಯಾವುದು ಎಂದು ಹೆಸರಿಟ್ಟು ಹಂಚುವುದಕ್ಕೂ ಊಟದ ಜಾಗ ಹಂಚುವುದಕ್ಕೂ ಅಂತರವಿದೆ. ಕಾನೂನು ಎಡವಿದ್ದು ಆ ಅಂತರ ಹೇಳಲಾಗದೆ. ದಂಡು ಪ್ರದೇಶವೆಂದರೆ ಬರೀ ಉಗ್ರಾಣವೂ ಅಲ್ಲ. 1954ರ ಡಿಸೆಂಬರ್ 25ರಂದು ಅಂಬೇಡ್ಕರರು ದೇಹೂ ರೋಡಿನಲ್ಲಿ ಬುದ್ಧನ ಮೂರ್ತಿಯನ್ನು ಪ್ರತಿಷ್ಠಾಪಿಸಿದರು, ನಾಗಪುರದ ದೀಕ್ಷೆಗೆ ಎರಡು ವರ್ಷ ಮೊದಲೇ. ಆ ವಿಹಾರ ನೋಡಲು ಬರುವವರಿಗೆ ದಾರಿ ಬೇಕೇ ಬೇಕು.

2021ರ ಫೆಬ್ರವರಿ 15ರ ಮಾರ್ಗಸೂಚಿ ಕೊನೆಗೂ ಆ ಅಂತರದ ಹತ್ತಿರ ಬಂತು. ಪೂರ್ವಾನುಮತಿ ಬೇಡ, ಸ್ವಯಂ ದೃಢೀಕರಣ ಸಾಕು. ನಿಷೇಧವಿರುವುದು ಜಾಗದ ಮೇಲಲ್ಲ, ಸೂಕ್ಷ್ಮವೆನಿಸಿದ ಗುಣವಿವರವನ್ನು ಅದರ ಮೇಲೆ ಬರೆಯುವುದಕ್ಕೆ. ಸಿಎಸ್‌ವಿಯ ಭಾಷೆಯಲ್ಲಿ ಹೇಳುವುದಾದರೆ ಮೊದಲ ಎರಡು ಅಂಕಣ ಮುಕ್ತ, ಮೂರನೆಯದಕ್ಕೆ ಕಾವಲು. ಅಷ್ಟರಲ್ಲಿ ಮುಂಗಾಜಿನ ಪೆಟ್ಟಿಗೆಯ ಕೆಲಸವನ್ನು ಫೋನು ಕಿತ್ತುಕೊಂಡಾಗಿತ್ತು. ಈಗ ಇಷ್ಟದ ಜಾಗಕ್ಕೆ ನಕ್ಷತ್ರ ಒತ್ತಿದರೆ ಮುಗಿಯಿತು; ಆ ಪಟ್ಟಿ ಕೂರುವುದು ಕಾರಿನಲ್ಲಲ್ಲ, ಕಂಪನಿಯ ಸರ್ವರಿನಲ್ಲಿ.