ಬದುವಿನ ಕೆಂಪು ಹಣ್ಣೆಲ್ಲ ಬುಡ್ಡೆ ಹಣ್ಣಲ್ಲ: ಹಿರೇಮದ್ದಿನ ಗಿಡ ಗುರುತಿಸುವುದು ಹೇಗೆ?

ಚಳಿಗಾಲ ಬಂತೆಂದರೆ ಬಯಲುಸೀಮೆಯ ಹೊಲದ ಬದು, ಹಾಳು ಗೋಡೆ, ಪಾಳು ಜಾಗಗಳಲ್ಲಿ ಒಂದು ಗಿಡದ ತುಂಬ ಕೆಂಪು ಹಣ್ಣು ಕಾಣಿಸುತ್ತೆ. ಸುತ್ತ ತೆಳು ಕಾಗದದಂಥ ಸಿಪ್ಪೆ ಇರೋದರಿಂದ ಮಕ್ಕಳು ಬುಡ್ಡೆ ಹಣ್ಣು (ಗುಪ್ಪಟೆ ಹಣ್ಣು) ಅಂದುಕೊಂಡು ಬಾಯಿಗೆ ಹಾಕಿಬಿಡಬಹುದು. ಇದು ಹಿರೇಮದ್ದಿನ ಗಿಡ, ಅಂದರೆ ಅಶ್ವಗಂಧ. ಇದರ ಬೇರು ಔಷಧಿ, ಹಣ್ಣು ತಿನ್ನುವಂಥದ್ದಲ್ಲ.

ಗಿಡ ಹೀಗಿರುತ್ತೆ

ನಮ್ಮ ನೆಲದ್ದೇ ಆದ ನಿತ್ಯಹಸಿರು ಪೊದೆ. ಎತ್ತರ ಸಾಮಾನ್ಯವಾಗಿ ಮೊಣಕಾಲಿನಿಂದ ಸೊಂಟದವರೆಗೆ. ಎಲೆ ಮಂಕು ಹಸಿರು, ಮೊಟ್ಟೆಯಾಕಾರ. ಎಳೆ ಕಾಂಡ, ಎಲೆಗಳ ಮೇಲೆ ಬೂದಿ ಹಚ್ಚಿದಂತೆ ನವಿರಾದ ರೋಮ. ಎಲೆ ಬುಡದಲ್ಲಿ ಗೊಂಚಲಾಗಿ ಹಸಿರು-ಹಳದಿ ಬಣ್ಣದ ಪುಟ್ಟ ಹೂವು. ಹಣ್ಣು ಬಟಾಣಿ ಕಾಳಿನಷ್ಟು; ಸಿಪ್ಪೆ ಬಿಡಿಸಿದರೆ ಕಿತ್ತಳೆಗೆಂಪು. ಹಸಿ ಬೇರಿಗೆ ಕುದುರೆಯ ವಾಸನೆ. ಅಶ್ವಗಂಧ ಎಂಬ ಹೆಸರು ಬಂದಿದ್ದೇ ಅದರಿಂದ.

ಯಾವುದರ ಜೊತೆ ಗೊಂದಲ?

ಬುಡ್ಡೆ ಹಣ್ಣು: ಸಿಪ್ಪೆ ಲಾಟೀನಿನಂತೆ ಉಬ್ಬಿರುತ್ತೆ, ಒಂದೊಂದಾಗಿ ಜೋತುಬೀಳುತ್ತೆ. ಹಣ್ಣು ಮಾಗಿದರೂ ಕೆಂಪಾಗಲ್ಲ, ಹಳದಿಯೇ. ಗಿಡ ಒಂದೇ ಹಂಗಾಮಿನದು.

ಗಣಿಕೆ: ಹೂವು ಬಿಳಿ. ಹಣ್ಣಿಗೆ ಕಾಗದದ ಸಿಪ್ಪೆ ಇರಲ್ಲ.

ಸಿಪ್ಪೆಯೊಳಗೆ ಕೆಂಪು ಹಣ್ಣು, ಎಲೆ ಮೇಲೆ ಬೂದು ರೋಮ: ಈ ಎರಡೂ ಇದ್ದರೆ ಹಿರೇಮದ್ದು ಅಂತ ತಿಳಿಯಿರಿ.

ಅಂಗಡಿಯವರು, ರೈತರು ಗಮನಿಸಿ

ಮಧ್ಯಪ್ರದೇಶದ ನೀಮಚ್, ಮಂದಸೌರ್ ಭಾಗದಲ್ಲಿ ಇದು ವಾಣಿಜ್ಯ ಬೆಳೆ. ಬಿತ್ತಿದ 5ರಿಂದ 6 ತಿಂಗಳಿಗೆ ಎಲೆ ಒಣಗಿ ಹಣ್ಣು ಕೆಂಪಾದಾಗ ಬೇರು ಕೀಳುತ್ತಾರೆ. ಗ್ರಂಥಿಗೆ ಅಂಗಡಿಗೆ ಬರಬೇಕಾದ್ದು ಆ ಒಣ ಬೇರು. ಎಲೆ ಬೆರೆಸಿದ ಪುಡಿ ಬೇಡ. ಅಶ್ವಗಂಧದ ಎಲೆ ಬಳಸದಂತೆ ಕೇಂದ್ರ ಆಯುಷ್ ಸಚಿವಾಲಯ 2021ರಲ್ಲೇ ತಯಾರಕರಿಗೆ ಸೂಚಿಸಿದೆ. ಬದುವಿನಲ್ಲಿ ಸಿಕ್ಕಿತು ಅಂತ ಬೇರು ಕಿತ್ತು ಮನೆಮದ್ದು ಮಾಡುವುದೂ ಸರಿಯಲ್ಲ. ಗರ್ಭಿಣಿಯರು, ಥೈರಾಯ್ಡ್ ಅಥವಾ ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರು ವೈದ್ಯರನ್ನು ಕೇಳದೆ ಸೇವಿಸಬಾರದು.

ಮಗು ತಿಂದರೆ?

ಬಾಯಲ್ಲಿ ಉಳಿದಿದ್ದನ್ನು ತೆಗೆಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಹಣ್ಣು, ಎಲೆ ಇರುವ ಒಂದು ಕೊಂಬೆ ಕಿತ್ತುಕೊಂಡು ಹತ್ತಿರದ ಆಸ್ಪತ್ರೆಗೆ ಹೋಗಿ. ಗಿಡ ಯಾವುದೆಂದು ಗೊತ್ತಾದರೆ ವೈದ್ಯರ ಕೆಲಸ ಸುಲಭವಾಗುತ್ತೆ.